ಬಾವಿ ಕಟ್ಟೆಯ ಸಡಿಲ ಕಲ್ಲು

"ಆ ಕಲ್ಲಿನ ಮ್ಯಾಲ ಕಾಲ ಇಡಬ್ಯಾಡ್ರಿ! ಸಡಲ ಐತಿ!"

ಎತ್ತಿದ್ದ ಕಾಲನ್ನು ದಾಕ್ಷಾಯಣಿ ಥಟ್ಟನೆ ಹಿಂದಕ್ಕೆ ತೆಗೆದಳು. ಕೈಯಲ್ಲಿದ್ದ ಅಳತೆಪಟ್ಟಿಯ ಕಬ್ಬಿಣದ ಗುಂಡು ಬಾವಿ ಕಟ್ಟೆಯ ಮೂಲೆಗಲ್ಲಿಗೆ ತಾಗಿತು, ಅಷ್ಟೇ... ಕಲ್ಲು ಗಡಗಡ ಅಲುಗಿತು. ಕೆಳಗೆ ತುಂಬಿದ ನೀರು.

ತಿರುಗಿ ನೋಡಿದರೆ ಹೆಗಲ ಮೇಲೆ ಮೇವಿನ ಹೊರೆ ಹೊತ್ತ ಯುವಕ. ಓಡಿ ಬಂದು ಏದುಸಿರು ಬಿಡುತ್ತಿದ್ದ. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಕಣ್ಣಿನಲ್ಲಿ ಗಾಬರಿ ಇನ್ನೂ ಹೋಗಿರಲಿಲ್ಲ.

'ಯಾರೋ ಗೊತ್ತಿಲ್ಲದ ಹುಡುಗಿಗಾಗಿ ಇಷ್ಟೊಂದು ಗಾಬರಿಯಾ!'

"ಏನೂ ಆಗಲಿಲ್ಲಲ್ರಿ?" ಎಂದ ಅವನು.

'ಇಲ್ರಿ' ಎಂಬುದು ಅವಳ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಹಿಂದೆ ಕಾರಿನ ಬಾಗಿಲು ಧಡ್ ಎಂದಿತು. ಅವಳ ಬಾಸ್ ಪ್ರಥಮೇಶ ಇಳಿದು ಬರುತ್ತಿದ್ದ. ದಾಕ್ಷಾಯಣಿ ಮಾತನ್ನು ನುಂಗಿಕೊಂಡಳು.

"ಮಲಾ ಕನ್ನಡ ಯೇತ್ ನಾಹಿ," ಎಂದಳು.

ತನಗೆ ಕನ್ನಡ ಬರುವುದಿಲ್ಲ ಎಂದು, ಮರಾಠಿಯಲ್ಲಿ!

ಯುವಕ ಅವಳ ಮುಖ ನೋಡಿದ. ಆಮೇಲೆ ಅವಳ ಕಾಲು ನೋಡಿದ. ತುಟಿಯಂಚಿನಲ್ಲಿ ಏನೋ ಮೂಡಿ ಮಾಯವಾಯಿತು. ಮತ್ತೆ ಅದೇ ಎಚ್ಚರಿಕೆಯನ್ನು ಸಾವಕಾಶವಾಗಿ ಮರಾಠಿಯಲ್ಲಿ ಹೇಳಿ, ಹೊರೆ ಇಳಿಸಿದ.

ಕನ್ನಡ ಬರುವುದಿಲ್ಲವಂತೆ ಇವಳಿಗೆ! ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಬಿಳೂರಿನಲ್ಲಿ ಹುಟ್ಟಿ, ಅವ್ವನ ಜೊತೆ ಜಗಳವನ್ನೂ ಕನ್ನಡದಲ್ಲೇ ಆಡಿ ಬೆಳೆದ ಹುಡುಗಿ ಇವಳು. ಹತ್ತನೇ ವಯಸ್ಸಿಗೆ ಸಾಂಗಲಿಯ ಹಾಸ್ಟೆಲ್ ಸೇರಿದಾಗ, ಅವಳ ಮರಾಠಿಯೊಳಗೆ ನುಸುಳುತ್ತಿದ್ದ ಕನ್ನಡದ ರಾಗಕ್ಕೆ ಇಡೀ ವರ್ಗ ಬಿದ್ದು ಬಿದ್ದು ನಕ್ಕಿತ್ತು. ಅವತ್ತಿನ ನಾಚಿಕೆ ಪುಣೆಯ ಆಫೀಸಿನವರೆಗೂ ಅವಳ ಬೆನ್ನು ಬಿಟ್ಟಿರಲಿಲ್ಲ. ಅಲ್ಲಿ ಅವಳು 'ಸಾಂಗಲಿಯ ದಾಕ್ಷಾ'. ಅವ್ವನ ಫೋನು ಬಂದರೆ ಮೂರು ಮಹಡಿ ಹತ್ತಿ ಟೆರೇಸಿಗೆ ಹೋಗಿ, ದನಿ ತಗ್ಗಿಸಿ ಮಾತನಾಡುತ್ತಿದ್ದಳು.

ಆ ಆಫೀಸಿನ ಕೆಲಸವೂ ವಿಚಿತ್ರ. ಕರೆಂಟಿನ ಕಂಬ, ನಗರದ ನಳ ಯಾವುದನ್ನೂ ನೆಚ್ಚದೆ, ತಿನ್ನುವುದನ್ನು ತಾವೇ ಬೆಳೆದುಕೊಂಡು ಬದುಕಬೇಕೆನ್ನುವ ಪೇಟೆಯ ಜನರಿಗೆ ಜಾಗ ಹುಡುಕಿಕೊಡುವುದು. ಅದಕ್ಕೆ 'ಆಫ್‌ಗ್ರಿಡ್ ಬದುಕು' ಎಂದು ಹೆಸರು. ಜಾಗ ಅಂಥ ಬದುಕಿಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿ ವರದಿ ಬರೆಯುವವಳು ದಾಕ್ಷಾಯಣಿ.

ಈ ಸಲದ್ದು ಕನ್ನಡ, ಮರಾಠಿ ಎರಡೂ ಆಡುವ ಗಡಿಸೀಮೆಯ ಜತ್ತ ಪೇಟೆಯ ಅಂಚಿನಲ್ಲಿ, ವಳಸಂಗ ರಸ್ತೆಗೆ ತಾಗಿದ ಎರಡು ಎಕರೆ. ನಗರ ಪರಿಷತ್ತಿನ ಗಡಿಯೊಳಗೇ ಇದ್ದರೂ ಕಂಬವೂ ಬಂದಿರಲಿಲ್ಲ, ನಳವೂ ಬಂದಿರಲಿಲ್ಲ. ಕೊಳ್ಳಬೇಕೆಂದಿದ್ದವರು ಪುಣೆಯ ಇಂದುಬಾಯಿ, ನಿವೃತ್ತ ನರ್ಸ್. ಒಂಟಿ ಜೀವ. ಇರುವ ಒಂದು ಫ್ಲ್ಯಾಟು ಮಾರಿ ಇಲ್ಲಿಗೇ ಬಂದು ನೆಲೆಸುವ ಆಸೆ ಅವರದು.

ಪಕ್ಕದ ಹೊಲದಲ್ಲೇ ಆ ಯುವಕನ ವಸ್ತಿ, ಅಂದರೆ ಹೊಲಮನೆ. ಅವನ ಹೆಸರು ಶಿವಶರಣ. ಅವ್ವ ಮಲಕವ್ವ, ಎರಡು ಎಮ್ಮೆ, ತಗಡಿನ ಮೇಲೊಂದು ಸೋಲಾರು, ಹಿತ್ತಲಲ್ಲಿ ಸೆಗಣಿ ಗ್ಯಾಸು, ಮನೆ ಸುತ್ತ ಕಾಯಿಪಲ್ಲೆ. ಪುಣೆಯವರು ಕನಸು ಕಾಣುವ ಬದುಕನ್ನು ಇವರಿಬ್ಬರೂ ಯಾವ ಹೆಸರೂ ಇಡದೆ ಬದುಕುತ್ತಿದ್ದರು.

ಮಲಕವ್ವ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ದಾಕ್ಷಾಯಣಿ ಫಾರ್ಮು ತೆರೆದಳು. ಬಿಸಿಲು, ಗಾಳಿ, ಮಣ್ಣು, ನೀರು, ದವಾಖಾನೆ, ನಗರದ ನಿಯಮ, ನೆರೆಹೊರೆ... ಬಿಸಿಲಿಗೆ ಹತ್ತಕ್ಕೆ ಹತ್ತು. ಗಾಳಿಗೂ ಚಿಂತೆಯಿಲ್ಲ, ದೂರದ ದಿಬ್ಬದಲ್ಲಿ ಗಾಳಿಯಂತ್ರಗಳು ತಿರುಗುತ್ತಲೇ ಇದ್ದವು. ಬಾವಿಯಲ್ಲಿ ಹನ್ನೆರಡು ಅಡಿ ನೀರು!

ಆಗ ಮಲಕವ್ವ ದಾಕ್ಷಾಯಣಿಯತ್ತ ಕೈ ತೋರಿಸಿ ಮಗನ ಕಡೆ ತಿರುಗಿದಳು.

"ಈ ಬಾಯಾರಿಗೆ ಹೇಳೋ ಯಪ್ಪಾ. ಬಾವ್ಯಾನ ನೀರ ಬಾವೀದಲ್ಲ. ಕಾಲಿವಿ ಪಾಳಿ ಬಂದಾಗ ನಾವ ಪೈಪ ಹಚ್ಚಿ ತುಂಬಸಿದ್ದು. ಹೋಳಿ ಹುಣ್ಣಿಮಿ ಆತಂದ್ರ ತಳಾ ಕಾಣತೈತಿ. ಪಾಪ, ಯಾರೋ ಬರಾವ್ರು ಮೋಸ ಹೋಗಬಾರ್ದು."

ದಾಕ್ಷಾಯಣಿಯ ಪೆನ್ನು ನಿಂತಿತು.

ಈ ಕಡೆ ಕಾಲುವೆಯ ನೀರು ಪಾಳಿಯ ಮೇಲೆ ಬರುತ್ತದೆ. ಬಂದಾಗ ಸಿಕ್ಕ ಬಾವಿ, ಹೊಂಡಗಳಲ್ಲಿ ತುಂಬಿಟ್ಟುಕೊಳ್ಳುವುದು ಎಲ್ಲರ ರೂಢಿ. ಜಾಗದ ಮಾಲೀಕನನ್ನು ಕೇಳಿಯೇ ಶಿವಶರಣ ಆ ಒಣಬಾವಿಯಲ್ಲಿ ತನ್ನ ಪಾಳಿಯ ನೀರು ಹಿಡಿದಿಟ್ಟಿದ್ದ. ಬಿಳೂರಿನ ಹುಡುಗಿಗೆ ಇದೇನು ಹೊಸದೇ? ತುಂಬಿದ ಬಾವಿ ಕಂಡಾಗಲೇ ಕೇಳಬೇಕಿತ್ತು. ಕೇಳದಿದ್ದರೂ ಈಗ ಉತ್ತರ ತಾನಾಗಿ ಕಿವಿಗೆ ಬಿದ್ದಿತ್ತು!

"ಏನು ಹೇಳುತ್ತಿದ್ದಾರೆ ಇವರು?" ಪ್ರಥಮೇಶ ಮರಾಠಿಯಲ್ಲಿ ಕೇಳಿದ.

"ಬಾವಿಯ ನೀರಿನ ಬಗ್ಗೆ," ಶಿವಶರಣನೂ ಮರಾಠಿಯಲ್ಲೇ ಶುರು ಮಾಡಿದ. "ಆ ನೀರು..."

"ಸಾಕಪ್ಪಾ! ಜಾಗ ನೋಡಲು ಬಂದವರನ್ನೆಲ್ಲ ನೀನು ಹೆದರಿಸಿ ಓಡಿಸುತ್ತೀಯಂತೆ. ದಲ್ಲಾಳಿ ಮೊದಲೇ ಹೇಳಿದ್ದಾನೆ. ಜಾಗ ನಿನಗೇ ಬೇಕಲ್ಲವೇ?"

ಶಿವಶರಣನ ಮುಖ ಕಪ್ಪಿಟ್ಟಿತು. ಬಾಯಿ ಮುಚ್ಚಿದ. ಒಂದೇ ಒಂದು ಸಲ ದಾಕ್ಷಾಯಣಿಯತ್ತ ನೋಡಿದ.

'ಹೇಳಲೇ? ಆದರೆ ಹೇಗೆ ಹೇಳಲಿ? ಕನ್ನಡ ಬರಲ್ಲ ಎಂದವಳು ನಾನೇ. ಈಗ ಬಾಸ್ ಮುಂದೆ, ಇವನ ಮುಂದೆ... ಸುಳ್ಳಿ ಎನಿಸಿಕೊಳ್ಳಲೇ?'

ಅವಳು ತಲೆ ತಗ್ಗಿಸಿದಳು. 'ನೀರು' ಎಂಬಲ್ಲಿ ಬರೆದಳು: ಬಾವಿ, ಹನ್ನೆರಡು ಅಡಿ, ಉತ್ತಮ. ಅಳೆದದ್ದನ್ನೇ ಬರೆದೆ, ಸುಳ್ಳೇನೂ ಬರೆದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಜ್ಜಿಗೆಯ ಲೋಟವನ್ನು ಮಾತ್ರ ಅರ್ಧಕ್ಕೇ ಕೆಳಗಿಟ್ಟಳು.

* * *

ಮಣ್ಣು ಮತ್ತು ಗಾಳಿಯ ಪರೀಕ್ಷೆಗೆ ಇನ್ನೂ ಮೂರು ದಿನ ಬೇಕಿತ್ತು. ಪ್ರಥಮೇಶ ಪೇಟೆಯ ಲಾಡ್ಜಿನಲ್ಲೇ ಉಳಿದ. ದಾಕ್ಷಾಯಣಿ ಒಬ್ಬಳೇ ಬರುತ್ತಿದ್ದಳು.

ಅಷ್ಟು ಅವಮಾನವಾದರೂ ಶಿವಶರಣ ಗುದ್ದಲಿ ಹಿಡಿದು ಬಂದ. ಅವಳು ತೋರಿಸಿದಲ್ಲೆಲ್ಲ ಗುಂಡಿ ತೋಡಿದ. ಒಂದಡಿ ಮಣ್ಣು, ಕೆಳಗೆ ಮುರುಮಿನ ಗರಸು. ಗಾಳಿ ಅಳೆಯುವ ಕೋಲು ಬೀಳದಂತೆ ಹಿಡಿದು ನಿಂತ. ಇಬ್ಬರೂ ಮರಾಠಿಯಲ್ಲೇ ಮಾತನಾಡಿದರು. ಅವನು ಮಾತಿನ ನಡುನಡುವೆ ತಡೆದು ಅವಳ ಕಣ್ಣಲ್ಲಿ ಏನನ್ನೋ ಹುಡುಕುತ್ತಿದ್ದ. ಅವಳು ಕಣ್ಣು ತಪ್ಪಿಸುತ್ತಿದ್ದಳು.

ಮಧ್ಯಾಹ್ನ ಮಲಕವ್ವ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ ಇಟ್ಟಳು. ಹಸಿದಿದ್ದ ದಾಕ್ಷಾಯಣಿ ತನ್ನ ಪಾತ್ರ ಮರೆತಳು. ರೊಟ್ಟಿಯನ್ನು ಅಂಗೈ ಮೇಲೆ ಹಿಡಿದು, ಮಧ್ಯೆ ಪಲ್ಲೆ ಹಾಕಿಕೊಂಡು, ಅಂಚಿನಿಂದ ಮುರಿದು ತಿನ್ನತೊಡಗಿದಳು.

"ನೋಡೋ ಶಿವೂ, ಈಕಿ ರೊಟ್ಟಿ ಹಿಡಿಯೂ ರೀತಿ ಥೇಟ್ ನಮ್ಮಂಗ ಐತಿ!" ಎಂದಳು ಮಲಕವ್ವ.

"ಹೂಂ, ಯವ್ವಾ. ನೋಡಾಕತ್ತೀನಿ," ಎಂದ ಮಗ.

ದಾಕ್ಷಾಯಣಿಯ ಕಿವಿ ಬಿಸಿಯಾದವು. ಏನೂ ತಿಳಿಯದವಳಂತೆ ಪಿಳಿಪಿಳಿ ಕಣ್ಣು ಬಿಟ್ಟಳು.

ಮೂರನೆಯ ಸಂಜೆ ಅವಳು ಸಾಮಾನು ಕಟ್ಟುತ್ತಿದ್ದಳು. ನಾಲ್ಕು ಮಾರು ದೂರದಲ್ಲಿ ಶಿವಶರಣ ಎಮ್ಮೆ ಹಿಂಡುತ್ತಿದ್ದ. ಹಿಂಡುತ್ತಲೇ ಎಮ್ಮೆಯ ಜೊತೆ ಮಾತಿಗಿಳಿದ.

"ಈ ಬಾಯಾರು ನಾಳಿ ಹೊಂಟ್ರಂತ. ಮೂರ ದಿನದಾಗ ನನಗ ಏನ ಆತೋ ಏನೋ... ಬೆಳಗಾದ್ರ ರಸ್ತಾದ ಕಡೀನ ಕಣ್ಣ ಹೋಗತಾವ. ಮನಸಿನ್ಯಾಗ ಇದ್ದದ್ದನ್ನ ಯಾರ ಮುಂದ ಹೇಳ್ಲಿ? ನಿನ್ನ ಮುಂದರ ಹೇಳತೀನಿ. ಭಾಳ ಚಲೋ ಹುಡುಗಿ. ಏನೋ ಒಂದ ಹೆದರಿಕಿ ಇಟ್ಕೊಂಡ ತಿರಗಾಕತ್ತೈತಿ. ಅದನ್ನ ಇಳಿಸಿ ಬಂದ್ರ..."

ಅವಳು ಕಲ್ಲಾಗಿ ನಿಂತಳು. ಬೆನ್ನು ತಿರುಗಿಸಿಯೇ ನಿಂತಿದ್ದರಿಂದ ಕಣ್ಣಿನ ನೀರು ಅವನಿಗೆ ಕಾಣಲಿಲ್ಲ.

'ಎಮ್ಮೆಗೆ ಹೇಳಿದ್ದನ್ನು ಕದ್ದು ಕೇಳಿದೆನಲ್ಲ... ಇವನ ಅವ್ವನ ಮಾತು ಕದ್ದೆ, ಈಗ ಇವನ ಮನಸ್ಸನ್ನೂ ಕದ್ದೆ. ನನಗಿಂತ ನಾಚಿಕೆಗೇಡಿ ಯಾರಿದ್ದಾರೆ?'

ಹೋಗುವಾಗ ಅವನು ಕೈ ಎತ್ತಿದ. ಅವಳು ಎತ್ತಲಿಲ್ಲ.

* * *

ವರದಿ ಇಂದುಬಾಯಿಯವರ ಕೈ ಸೇರಿತು. ಮೂರನೇ ದಿನ ಅವರದೇ ಫೋನು.

"ಮಗಳೇ, ನಿನ್ನ ಬರಹ ಎರಡು ಸಲ ಓದಿದೆ. ನನಗೆ ಬಿಸಿಲು ಗಿಸಿಲಿನ ಭಯವಿಲ್ಲ. ನೀರಿದ್ದರೆ ಸಾಕು, ಉಳಿದದ್ದು ನಾನು ಮಾಡಿಕೊಳ್ಳುತ್ತೇನೆ. ನೀರು ಉತ್ತಮ ಎಂದು ಬರೆದಿದ್ದೀಯಲ್ಲ, ಅದೊಂದು ಸಾಲು ಓದಿ ನಿರ್ಧಾರ ಮಾಡಿಬಿಟ್ಟೆ. ಫ್ಲ್ಯಾಟಿಗೆ ಗಿರಾಕಿಯೂ ಸಿಕ್ಕಿದ್ದಾರೆ. ಬರುವ ಗುರುವಾರ ಜಾಗ ನೋಡಿ, ಅಲ್ಲೇ ಸಹಿ ಹಾಕುವುದು."

ದಾಕ್ಷಾಯಣಿ ಫೋನು ಇಟ್ಟು ಟೆರೇಸಿಗೆ ಹೋದಳು. ಅವ್ವನಿಗೆ ಫೋನು ಹಚ್ಚಿದಳು. "ಯಾಕವ್ವಾ, ದನಿ ಸಣ್ಣ ಆಗೈತಿ?" ಎಂದಿತು ಆ ಕಡೆಯ ದನಿ. ಇವಳು ಅಳುತ್ತಾ ಕೂತಳು. ಏನಾಯಿತೆಂದು ಅವ್ವನಿಗೂ ಹೇಳಲಾಗದಷ್ಟು ನಾಚಿಕೆ.

ಗುರುವಾರ ಬಂತು. ಬಾವಿ ಇನ್ನೂ ತುಂಬಿಯೇ ಕಾಣುತ್ತಿತ್ತು. ಸಹಿ ಆಗಿ ಹೋಳಿ ಬರುವವರೆಗೆ ಯಾರಿಗೂ ಏನೂ ಗೊತ್ತಾಗುವಂತಿರಲಿಲ್ಲ. ಇಂದುಬಾಯಿ ನೀರನ್ನು ನೋಡಿ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದರು. ಪ್ರಥಮೇಶ ಬ್ಯಾಗಿನಿಂದ ಕಾಗದ ತೆಗೆದ. ವಸ್ತಿಯ ಬಾಗಿಲಲ್ಲಿ ಮಲಕವ್ವ, ಪಕ್ಕದಲ್ಲಿ ಶಿವಶರಣ. ಅವನು ಸುಮ್ಮನೆ ನಿಂತಿದ್ದ. ನೋಡುತ್ತಿದ್ದದ್ದು ದಾಕ್ಷಾಯಣಿಯನ್ನು.

ಇಂದುಬಾಯಿ ಕನ್ನಡಕ ಒರೆಸಿ ಪೆನ್ನಿಗೆ ಕೈ ಚಾಚಿದರು.

"ಯವ್ವಾ!"

ದನಿ ಯಾರದೆಂದು ಒಂದು ಕ್ಷಣ ದಾಕ್ಷಾಯಣಿಗೇ ತಿಳಿಯಲಿಲ್ಲ. ಅದು ಅವಳದೇ!

ಅವಳು ಓಡಿಹೋಗಿ ಮಲಕವ್ವನ ಮುಂದೆ ನಿಂತಳು. "ಅವತ್ತ ನೀವು ಅಂದಿದ್ದು ನನಗ ತಿಳದಿತ್ರಿ. ಬಾವ್ಯಾನ ನೀರ ಕಾಲಿವೀದು, ಹೋಳಿಗಿ ತಳಾ ಕಾಣತೈತಿ ಅಂದಿದ್ರಿ. ಎಲ್ಲಾ ತಿಳದಿತ್ತು. ನಾ ಬಿಳೂರಾಕಿ. ನನಗ ಕನ್ನಡ ಬರತೈತ್ರಿ... ಬರೂದಿಲ್ಲಂತ ಸುಳ್ಳ ಹೇಳಿದ್ನಿ..."

ದಾಕ್ಷಾಯಣಿ ತಿರುಗಿ, ಅದನ್ನೆಲ್ಲ ಒಂದಕ್ಷರ ಬಿಡದೆ ಇಂದುಬಾಯಿಗೆ ಮರಾಠಿಯಲ್ಲಿ ಹೇಳಿದಳು.

"ಹುಚ್ಚು ಹಿಡಿದಿದೆಯಾ ನಿನಗೆ?" ಪ್ರಥಮೇಶ ಕೂಗಿದ. "ನಾಳೆಯಿಂದ ಆಫೀಸಿಗೆ ಬರಬೇಡ!"

ಇಂದುಬಾಯಿ ಅವನತ್ತ ನೋಡಲೂ ಇಲ್ಲ. "ಕಿವಿಯಾರೆ ಕೇಳಿದ್ದೆಯಾ?"

"ಹೌದು."

"ಕೇಳಿಯೂ ಬರೆಯಲಿಲ್ಲ?"

"ಹೌದು..."

"ಯಾಕೆ?"

"ನಾಚಿಕೆಯಾಯಿತು. ನನ್ನ ಮಾತಿನ ಬಗ್ಗೆ, ನನ್ನ ಊರಿನ ಬಗ್ಗೆ."

ಇಂದುಬಾಯಿ ಸಹಿಯಿಲ್ಲದ ಕಾಗದವನ್ನು ಪಕ್ಕಕ್ಕೆ ಸರಿಸಿದರು. ಅವರ ಕಣ್ಣಿನಲ್ಲಿ ಕೋಪವಿತ್ತು, ಅದು ಇರಬೇಕಾದದ್ದೇ. "ನಾನು ಮೂವತ್ತು ವರ್ಷ ರೋಗಿಗಳ ಚಾರ್ಟು ಬರೆದವಳು," ಎಂದರು. "ಜ್ವರ ಇದ್ದರೆ ಜ್ವರ ಅಂತಲೇ ಬರೆಯಬೇಕು. ನಿನ್ನನ್ನು ಇವತ್ತು ಕ್ಷಮಿಸಲಾರೆ. ಬೇಸಿಗೆ ಪೂರ್ತಿ ಈ ಬಾವಿ ಅಳೆದು, ಹೊಸದಾಗಿ ಬರೆದು ಕಳಿಸು. ಅಲ್ಲಿಯವರೆಗೆ ನಾನು ಫ್ಲ್ಯಾಟನ್ನೂ ಮಾರುವುದಿಲ್ಲ, ಜಾಗವನ್ನೂ ಕೊಳ್ಳುವುದಿಲ್ಲ."

ಕಾರು ಹೋಯಿತು. ಧೂಳು ಅಡಗಿತು. ದಾಕ್ಷಾಯಣಿ ಶಿವಶರಣನತ್ತ ಕಣ್ಣೆತ್ತಿದಳು.

ಅವನು ಬೆನ್ನು ತಿರುಗಿಸಿ ಹೊಲದೊಳಗೆ ನಡೆದುಬಿಟ್ಟ.

'ಅಸಹ್ಯವಾಗಿರಬೇಕು ಅವನಿಗೆ. ಆಗದೆ ಇನ್ನೇನು?'

* * *

ಅವಳು ಬಿಳೂರಿಗೆ, ಅವ್ವನ ಮನೆಗೆ ಬಂದಳು. ಪ್ರತಿ ಸೋಮವಾರ ಬೆಳಗಿನ ಬಸ್ಸು ಹಿಡಿದು ಬಾವಿಗೆ ಬಂದು ನೀರು ಅಳೆಯತೊಡಗಿದಳು. ಹನ್ನೊಂದು ಅಡಿ. ಎಂಟು. ಐದು. ಹೋಳಿ ಹುಣ್ಣಿಮೆಯ ವಾರ, ಮಲಕವ್ವ ಹೇಳಿದಂತೆಯೇ ತಳದ ಬಂಡೆ ಕಂಡಿತು. ತಾನು ಬರೆದ 'ಉತ್ತಮ' ಎಂಬ ಮಾತೇ ಅಲ್ಲಿ ಬೆತ್ತಲಾಗಿ ಬಿದ್ದಂತೆ ಅವಳಿಗೆ ಕಂಡಿತು.

ನಡುವೆ ನಗರ ಪರಿಷತ್ತಿಗೂ ಅಲೆದಳು. ಪೇಟೆಯ ಗಡಿಯಲ್ಲಿ ಮನೆಗೆ ಪರವಾನಗಿ ಎಷ್ಟು ದಿನಕ್ಕೆ ಸಿಗುತ್ತದೆ, ಎಮ್ಮೆ ಕಟ್ಟಬಹುದೇ, ನಳ ಯಾವಾಗ ಬರುತ್ತದೆ... ಎಲ್ಲವನ್ನೂ ಕೇಳಿ ಬರೆದುಕೊಂಡಳು. ಸುತ್ತಲಿನ ವಸ್ತಿಗಳಿಗೆ ಹೋಗಿ ಕನ್ನಡದಲ್ಲೇ ಮಾತನಾಡಿಸಿದಳು. ಮೊದಮೊದಲು ತನ್ನ ದನಿ ತನಗೇ ಹೊಸದೆನಿಸುತ್ತಿತ್ತು.

ಮಲಕವ್ವ ಅವಳಿಗೆ ಚಹಾ ಕೊಡುತ್ತಿದ್ದಳು, ಬೈಯುತ್ತಲೂ ಇದ್ದಳು. "ನನ್ನ ಮುಂದ ಕುಂತ ರೊಟ್ಟಿ ತಿಂದ ಮೂಕಿ ಆಗಿದ್ಯಲ್ಲ, ಕಳ್ಳಿ!"

"ತಪ್ಪಾತ್ರಿ ಯವ್ವಾ."

"ಅದನ್ನ ಎಷ್ಟ ಸಲ ಅಂತಿ? ಚಹಾ ಕುಡಿ, ಆರತೈತಿ."

ಶಿವಶರಣ ಮಾತ್ರ ಸಿಗುತ್ತಿರಲಿಲ್ಲ. ಅವಳ ಬಸ್ಸು ನಿಂತರೆ ಸಾಕು, ಅವನಿಗೆ ಹೊಲದ ಆ ತುದಿಯಲ್ಲಿ ಏನೋ ಕೆಲಸ ಬೀಳುತ್ತಿತ್ತು. ಪ್ರತಿ ಸೋಮವಾರ ಅವಳು ಕೇಳಬೇಕೆಂದುಕೊಳ್ಳುತ್ತಿದ್ದಳು, ಕೇಳದೆ ಮರಳುತ್ತಿದ್ದಳು.

ಮೇ ತಿಂಗಳ ಕೊನೆಯ ಸೋಮವಾರ. ಬಾವಿಯಲ್ಲಿ ಹನಿ ನೀರಿಲ್ಲ. ಅಳೆಯಲು ಏನೂ ಉಳಿದಿರದಿದ್ದರೂ ಅವಳು ಗುಂಡು ಇಳಿಬಿಟ್ಟಳು. ಅದು ಬಂಡೆಗೆ ಬಡಿದು ಟಣ್ ಎಂದಿತು. ಇದೇ ಕೊನೆಯ ಅಳತೆ. ಇನ್ನು ಇಲ್ಲಿಗೆ ಬರಲು ನೆಪವಿಲ್ಲ... ಪಟ್ಟಿ ಸುತ್ತುತ್ತಾ ಮೂಲೆಗಲ್ಲಿನ ಹತ್ತಿರ ಬಂದವಳು ಅಭ್ಯಾಸದಂತೆ ಸುತ್ತಿ ಹೋಗಲು ಹೊರಟಳು.

"ಆ ಕಲ್ಲಿನ ಮ್ಯಾಲ ಕಾಲ ಇಡ್ರಿ. ಈಗ ಗಟ್ಟಿ ಐತಿ."

ಅವಳು ತಿರುಗಲಿಲ್ಲ. ತಿರುಗಿದರೆ ಅಳು ಬರುತ್ತಿತ್ತು.

"ಸಿಮೆಂಟ ಹಾಕಿ ಕೂಡ್ರಿಸೀನಿ. ಹ್ವಾದ ಸೋಮವಾರ, ನಿಮ್ಮ ಬಸ್ಸ ಹ್ವಾದ ಮ್ಯಾಲ," ಎಂದ ಶಿವಶರಣ.

"ನನ್ನ ಮಾರಿ ನೋಡಾಕ ಅಸಹ್ಯ ಆಗಿ ಅಲ್ಲೇನ್ರಿ, ಇಷ್ಟ ದಿನ ತಪ್ಪಿಸಿಕೊಂಡ ತಿರಗಿದ್ದು?"

"ಅಸಹ್ಯ? ನಿಮ್ಮದು?" ಅವನು ಹತ್ತಿರ ಬಂದ. "ದಾಕ್ಷಾಯಣಿ ಅವ್ರೇ, ನನಗ ಮೊದಲನೇ ದಿನಾನೇ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ನಾ ಕನ್ನಡದಾಗ ಒದರಿದ್ನಿ. ಮರಾಠಿಯೊಳಗ ಹೇಳೂಕಿಂತ ಮೊದಲ ನಿಮ್ಮ ಕಾಲ ಹಿಂದ ಬಂದಿತ್ತು. ಬಾಯಿ ಸುಳ್ಳ ಹೇಳ್ತು, ಕಾಲ ಹೇಳಲಿಲ್ಲ."

ಅವಳು ಗರಕ್ಕನೆ ತಿರುಗಿದಳು. "ಗೊತ್ತಿದ್ದೂ ಸುಮ್ಮ ಇದ್ರಿ?"

"ಅದಕ್ಕ ನನಗ ನಾಚಿಕಿ. ನಿಮ್ಮ ಸಾಹೇಬ ಬೈದಾಗ ನನ್ನ ಸಿಟ್ಟ ನೆತ್ತಿಗೇರಿತ್ತು. ಈ ಹುಡುಗಿ ತಾನಾಗೇ ಹೇಳತಾಳೋ ಇಲ್ಲೋ ನೋಡೋಣಂತ ಬಾಯಿ ಮುಚ್ಚಿದ್ನಿ. ಗುರುವಾರನೂ ಹಂಗ ನಿಂತಿದ್ನಿ. ಆ ಅಜ್ಜಿ ಸಹಿ ಹಾಕಿಬಿಟ್ಟಿದ್ರ? ನಾನೂ ಹೇಳಬಹುದಿತ್ತು, ಹೇಳಲಿಲ್ಲ. ಒಬ್ಬರ ಬದುಕ ಇಟ್ಟು ನಿಮ್ಮನ್ನ ಪರೀಕ್ಷಾ ಮಾಡಿದ್ನಿ. ನೀವು ಎಲ್ಲಾರ ಮುಂದ ನಿಂತ ತಪ್ಪ ಒಪ್ಪಕೊಂಡ್ರಿ. ನನಗ ಇವತ್ತಿನ ತನಕ ಆಗಿರಲಿಲ್ಲ. ಅದಕ್ಕ ಮಾರಿ ತೋರಸಲಿಲ್ಲ."

ಇಬ್ಬರೂ ತಲೆ ತಗ್ಗಿಸಿ ನಿಂತರು. ಇಷ್ಟು ದಿನ ಒಬ್ಬೊಬ್ಬರೇ ಹೊತ್ತ ನಾಚಿಕೆ ಈಗ ಇಬ್ಬರದಾಗಿ, ಸ್ವಲ್ಪ ಹಗುರಾಯಿತು.

ಆಮೇಲೆ ಅವಳಿಗೆ ಏನೋ ಹೊಳೆದು ಮುಖ ಕೆಂಪೇರಿತು. "ಅಂದ್ರ... ಎಮ್ಮಿ ಮುಂದ ಹೇಳಿದ್ದು?"

"ಎಮ್ಮಿಗೆ ಏನ್ ತಿಳೀತೈತ್ರಿ ಪಾಪ!" ಎಂದ ಅವನು. "ತಿಳಿಯಾವ್ರು ನಾಕ ಮಾರ ದೂರ ನಿಂತಿದ್ರು."

"ಅಯ್ಯೋ!" ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಹೊಸಾ ವರದಿ ಕಳಿಸಿದ್ರಿ?"

"ಇವತ್ತ ಕಳಸತೀನಿ." ಅವಳು ಕಾಗದ ತೆಗೆದು, ಮರಾಠಿಯಲ್ಲಿದ್ದುದನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದಳು. "ಬಿಸಿಲು, ಗಾಳಿ ಚಲೋ. ಪೇಟೆ ಗಡಿ ಆದ್ದರಿಂದ ಪರವಾನಗಿ ತಡ. ಬಾವಿಗೆ ಸ್ವಂತ ನೀರ ಇಲ್ಲ. ಹೊಂಡ ತೋಡಿ, ಕಾಲಿವಿ ಪಾಳಿ ನೀರ ಹಿಡಕೊಬೇಕು. ಯಾರ ಹಂಗೂ ಬ್ಯಾಡ ಅನ್ನಾವ್ರಿಗೆ ಈ ಜಾಗಾ ಒಗ್ಗೂದಿಲ್ಲ. ನಾಕ ಮಂದಿ ಜೋಡಿ ಪಾಳಿ ಹಂಚಕೊಂಡ ಇರತೀನಿ ಅನ್ನಾವ್ರಿಗೆ ಒಗ್ಗತೈತಿ."

"ನೆರೆಹೊರೆ ಅನ್ನೂದ ಖಾಲಿ ಐತಲ್ರಿ?"

"ಅದನ್ನ ಬರಿಯಾಕ ಇನ್ನೂ ಸ್ವಲ್ಪ ಇದ್ದ ನೋಡಬೇಕು."

"ಎಷ್ಟ ದಿನ?"

"ನೆರಿಮನ್ಯಾವ್ರು ಹೇಳಬೇಕು."

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅವ್ವ! ಕಾಲು ಅಭ್ಯಾಸಬಲದಿಂದ ದೂರ ಸರಿಯಲು ಹೊರಟಿತು. ದಾಕ್ಷಾಯಣಿ ಅದನ್ನು ತಡೆದಳು. ಗಟ್ಟಿಯಾದ ಆ ಕಲ್ಲಿನ ಮೇಲೆ, ಅವನ ಪಕ್ಕದಲ್ಲೇ ಕೂತು, ಗಟ್ಟಿ ದನಿಯಲ್ಲಿ ಮಾತನಾಡಿದಳು.

"ಹೇಳ ಯವ್ವಾ... ಹೂಂ, ಜತ್ತದಾಗ ಅದೀನಿ. ಇವತ್ತ ಎರಡ ರೊಟ್ಟಿ ಜಾಸ್ತಿ ಬಡಿ. ಒಬ್ಬರನ್ನ ಮನಿಗಿ ಕರಕೊಂಡ ಬರಾಕತ್ತೀನಿ."

"ಯಾರನ್ನವ್ವಾ?" ಎಂದಿತು ಅವ್ವನ ಬೆರಗಿನ ದನಿ.

ದಾಕ್ಷಾಯಣಿ ಶಿವಶರಣನ ಮುಖ ನೋಡಿದಳು. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಎಮ್ಮಿ ಮುಂದ ಹೇಳಿದ್ದನ್ನ ನಿನ್ನ ಮುಂದ ಹೇಳಾವ್ರನ್ನ!"